ಪ್ಲೇ ಒತ್ತಿದರೆ ಎರಡು ಸೆಕೆಂಡ್ ಕಪ್ಪು ಪರದೆ, ಆಮೇಲೆ ಮತ್ತೆ ಡೆಸ್ಕ್‌ಟಾಪ್. ದಯವಿಟ್ಟು ನೋಡಿ

ಹಾಸನದ ಹುಡುಗ · ಶನಿವಾರ ರಾತ್ರಿ 10:40

ಎಲ್ಲರಿಗೂ ನಮಸ್ಕಾರ. ಮೂರು ದಿನದಿಂದ ಇದೇ ಗೋಳು. ಸ್ಟೀಮ್ ಸೇಲ್‌ನಲ್ಲಿ ಒಂದು ಓಪನ್ ವರ್ಲ್ಡ್ ಗೇಮ್ ತಗೊಂಡೆ. 62 ಜಿಬಿ ಇದೆ. ನಮ್ಮ ಮನೆಯಲ್ಲಿ ಬ್ರಾಡ್‌ಬ್ಯಾಂಡ್ ಇಲ್ಲ. ಕ್ಯಾಬಿನೆಟ್ಟನ್ನೇ ಬೈಕ್ ಮೇಲೆ ಇಟ್ಟುಕೊಂಡು ಚಿಕ್ಕಪ್ಪನ ಮನೆಗೆ ಹೋಗಿ, ಅವರ ಫೈಬರ್‌ಗೆ ಲ್ಯಾನ್ ಕೇಬಲ್ ಹಾಕಿ ಇಳಿಸಿಕೊಂಡು ಬಂದೆ.

ಈಗ ಪ್ಲೇ ಒತ್ತಿದರೆ ಪರದೆ ಕಪ್ಪಾಗುತ್ತದೆ. ಎರಡು ಸೆಕೆಂಡ್ ಆದ ಮೇಲೆ ಮತ್ತೆ ಡೆಸ್ಕ್‌ಟಾಪ್. ಯಾವ ಎರರ್ ಬಾಕ್ಸೂ ಬರುವುದಿಲ್ಲ. ಒಂದು ಸದ್ದು ಕೂಡ ಇಲ್ಲ.

ನನ್ನ ಪಿಸಿ 2019ರಲ್ಲಿ ಅಪ್ಪ ಕೊಡಿಸಿದ್ದು. ಇಂಟೆಲ್ 3.70 ಗಿಗಾಹರ್ಟ್ಸ್ ಪ್ರೊಸೆಸರ್, 8 ಜಿಬಿ ರ‍್ಯಾಮ್, ಜಿಟಿಎಕ್ಸ್ 1050 ಟಿಐ, ವಿಂಡೋಸ್ 10. ಗೇಮ್‌ನ ಪುಟದಲ್ಲಿ ಕನಿಷ್ಠ ಐ5-2500ಕೆ ಬೇಕು ಅಂತ ಇದೆ. ಅದು 2011ರದ್ದು, 3.3 ಗಿಗಾಹರ್ಟ್ಸ್. ನನ್ನದು ಅದಕ್ಕಿಂತ ಹೊಸದು, ವೇಗವೂ ಜಾಸ್ತಿ. ಹಾಗಾಗಿ ಪ್ರೊಸೆಸರ್ ತೊಂದರೆ ಇರಲಾರದು ಅನ್ನಿಸುತ್ತದೆ. ಬೇರೆ ಹಳೇ ಗೇಮ್‌ಗಳೆಲ್ಲ ಚೆನ್ನಾಗಿ ಓಡುತ್ತವೆ. ಇಲ್ಲಿನ ಒಂದು ಅಂಗಡಿಯಲ್ಲಿ ಕೇಳಿದರೆ ಫಾರ್ಮ್ಯಾಟ್ ಹೊಡೆದು ಹೊಸ ವಿಂಡೋಸ್ ಹಾಕಬೇಕು, 600 ರೂಪಾಯಿ ಅಂದರು. ಹಾಕಿಸಲಾ?

ರಾತ್ರಿ ಪಾಳಿ · ಶನಿವಾರ ರಾತ್ರಿ 10:58

ಫಾರ್ಮ್ಯಾಟ್ ಈಗಲೇ ಬೇಡ ಗುರು. ಮೊದಲು ಸ್ಟೀಮ್ ಲೈಬ್ರರಿಯಲ್ಲಿ ಗೇಮ್ ಮೇಲೆ ರೈಟ್ ಕ್ಲಿಕ್ ಮಾಡಿ, ಪ್ರಾಪರ್ಟೀಸ್‌ಗೆ ಹೋಗಿ. ಇನ್‌ಸ್ಟಾಲ್ಡ್ ಫೈಲ್ಸ್ ಒಳಗೆ ‘ವೆರಿಫೈ ಇಂಟೆಗ್ರಿಟಿ’ ಅಂತ ಇದೆ, ಅದನ್ನು ಒತ್ತಿ. 62 ಜಿಬಿ ಮತ್ತೆ ಇಳಿಸಬೇಕಾಗಿಲ್ಲ. ಕೆಟ್ಟಿರುವ ಫೈಲ್ ಎಷ್ಟಿದೆಯೋ ಅಷ್ಟನ್ನೇ ತರಿಸಿಕೊಳ್ಳುತ್ತದೆ.

ಆಮೇಲೆ ಗ್ರಾಫಿಕ್ಸ್ ಡ್ರೈವರ್ ಹೊಸದಾಗಿ ಹಾಕಿ. ಮಾನಿಟರ್‌ನ ಕೇಬಲ್ ಎಲ್ಲಿ ಚುಚ್ಚಿದ್ದೀರಿ ಅದನ್ನೂ ನೋಡಿ. ನನ್ನ ಗೆಳೆಯನ ಕೇಬಲ್ ಆರು ತಿಂಗಳು ಮದರ್‌ಬೋರ್ಡಿನ ಪೋರ್ಟ್‌ನಲ್ಲೇ ಇತ್ತು. ಗ್ರಾಫಿಕ್ಸ್ ಕಾರ್ಡ್ ಸುಮ್ನೆ ಕೂತಿತ್ತು.

ನವನಗರ 7 · ಶನಿವಾರ ರಾತ್ರಿ 11:15

ಯಾವುದೋ ಡಿಎಲ್‌ಎಲ್ (ಪ್ರೋಗ್ರಾಂಗಳು ಹಂಚಿಕೊಂಡು ಬಳಸುವ ಫೈಲ್) ಮಿಸ್ ಆಗಿರುತ್ತದೆ. ನೆಟ್‌ನಲ್ಲಿ ಡಿಎಲ್‌ಎಲ್ ಕೊಡುವ ಸೈಟ್‌ಗಳಿವೆ ಅಲ್ವಾ, ಅಲ್ಲಿಂದ ಇಳಿಸಿ ಸಿಸ್ಟಮ್32 ಫೋಲ್ಡರ್‌ಗೆ ಹಾಕಿ ನೋಡಿ.

ದಾವಣಗೆರೆ ರಿಪೇರಿ · ಭಾನುವಾರ ಬೆಳಿಗ್ಗೆ 7:20

ನವನಗರ ಅವರೇ, ಬೇಜಾರಾಗಬೇಡಿ, ಈ ಸಲಹೆಯನ್ನು ಮಾತ್ರ ಯಾರೂ ಪಾಲಿಸಬೇಡಿ. ಹನ್ನೊಂದು ವರ್ಷದಿಂದ ಪಿಸಿ ರಿಪೇರಿ ಮಾಡುತ್ತಿದ್ದೇನೆ. ಗೇಮ್ ಓಡದೆ ಬರುವ ಯಂತ್ರಗಳಲ್ಲಿ ಎಷ್ಟೋ ಯಂತ್ರಗಳು ಆ ಸೈಟ್‌ಗಳಿಂದ ತಂದು ಹಾಕಿದ ಡಿಎಲ್‌ಎಲ್‌ನಿಂದಲೇ ಇನ್ನೂ ಜಾಸ್ತಿ ಕೆಟ್ಟು ಬಂದಿವೆ. ಫೈಲ್ ಒಳಗೆ ಏನಿದೆ ಅಂತ ಯಾರಿಗೂ ಗೊತ್ತಿಲ್ಲ, ಅದೊಂದು ಭಯ. ಇನ್ನೊಂದು, 64 ಬಿಟ್ ವಿಂಡೋಸ್‌ನಲ್ಲಿ ಫೋಲ್ಡರ್ ಹೆಸರುಗಳು ತಿರುಗಾಮುರುಗಾ ಇವೆ. ಸಿಸ್ಟಮ್32 ಒಳಗೆ ಇರುವುದು 64 ಬಿಟ್ ಫೈಲ್‌ಗಳು. 32 ಬಿಟ್ ಫೈಲ್‌ಗಳು ಇರುವುದು ಸಿಸ್‌ವಾವ್64 ಫೋಲ್ಡರ್‌ನಲ್ಲಿ. ಹೆಸರು ನೋಡಿ 32 ಬಿಟ್ ಡಿಎಲ್‌ಎಲ್ಲನ್ನು ಸಿಸ್ಟಮ್32ಗೆ ತುರುಕಿದರೆ, ಅಲ್ಲಿಯವರೆಗೆ ಓಡುತ್ತಿದ್ದ ಪ್ರೋಗ್ರಾಂಗಳೂ ನಿಲ್ಲುತ್ತವೆ. ಆಗ ಬರುವ ಎರರ್ ‘7ಬಿ’ ಅಂತ ಕೊನೆಯಾಗುತ್ತದೆ. ನೋಡಿದವರಿಗೆ ನೆನಪಿರುತ್ತದೆ.

ಎಂಎಸ್‌ವಿಸಿಪಿ140 ಇಲ್ಲ ಅಂತ ಬಂದರೆ ಮೈಕ್ರೋಸಾಫ್ಟ್‌ನ ಸ್ವಂತ ಪುಟದಿಂದ ವಿಷುವಲ್ ಸಿ ಪ್ಲಸ್ ಪ್ಲಸ್ ರೀಡಿಸ್ಟ್ರಿಬ್ಯೂಟಬಲ್ ಹಾಕಿ, 32 ಬಿಟ್, 64 ಬಿಟ್ ಎರಡೂ. ಡಿ3ಡಿಎಕ್ಸ್9_43 ಇಲ್ಲ ಅಂತ ಬಂದರೆ ಅದೇ ಮೈಕ್ರೋಸಾಫ್ಟ್‌ನ ‘ಡೈರೆಕ್ಟ್‌ಎಕ್ಸ್ ಜೂನ್ 2010’ ರನ್‌ಟೈಮ್ ಹಾಕಿ. ಡೈರೆಕ್ಟ್‌ಎಕ್ಸ್ ಅಂದರೆ ಗೇಮ್‌ಗಳು ಚಿತ್ರ, ಸದ್ದಿಗೆ ಬಳಸುವ ವಿಂಡೋಸ್‌ನ ಭಾಗ. ವಿಂಡೋಸ್ 10ರಲ್ಲಿ ಡೈರೆಕ್ಟ್‌ಎಕ್ಸ್ 12 ಇದೆಯಲ್ಲ, ಮತ್ತೆ ಯಾಕೆ ಅಂತ ಕೇಳುತ್ತಾರೆ. ಆ ಹಳೇ ಡಿ3ಡಿಎಕ್ಸ್ ಫೈಲ್‌ಗಳು ಅದರ ಜೊತೆ ಬರುವುದಿಲ್ಲ. ಅದಕ್ಕೆ.

ಹಾಸನದ ತಮ್ಮ, ನಿಮಗೆ ಇವೆರಡೂ ಬಂದಿಲ್ಲ. ಯಾವ ಬಾಕ್ಸೂ ಬರುತ್ತಿಲ್ಲ. ಹಾಗಾಗಿ ಊಹೆ ಮಾಡುವುದು ಬೇಡ. ಗೇಮ್ ಸದ್ದಿಲ್ಲದೆ ಸತ್ತರೂ ವಿಂಡೋಸ್ ಅದನ್ನು ಬರೆದಿಟ್ಟುಕೊಂಡಿರುತ್ತದೆ. ಸ್ಟಾರ್ಟ್ ಒತ್ತಿ ಇವೆಂಟ್ ವ್ಯೂವರ್ ಅಂತ ಹುಡುಕಿ. ಎಡಗಡೆ ವಿಂಡೋಸ್ ಲಾಗ್ಸ್, ಅದರೊಳಗೆ ಅಪ್ಲಿಕೇಶನ್. ಗೇಮ್ ಮುಚ್ಚಿಹೋದ ಸಮಯಕ್ಕೇ ಒಂದು ಕೆಂಪು ಗುರುತಿನ ಎರರ್ ಇರುತ್ತದೆ, ಇವೆಂಟ್ ಐಡಿ 1000. ಅದನ್ನು ತೆರೆದು ಎರಡು ಸಾಲು ಇಲ್ಲಿ ಬರೆಯಿರಿ: ಫಾಲ್ಟಿಂಗ್ ಮಾಡ್ಯೂಲ್ ನೇಮ್, ಎಕ್ಸೆಪ್ಶನ್ ಕೋಡ್.

ಜೊತೆಗೆ ಪ್ರೊಸೆಸರ್‌ನ ಪೂರ್ತಿ ಹೆಸರು ಬೇಕು. ‘ಇಂಟೆಲ್ 3.70’ ಅಂದರೆ ಏನೂ ಗೊತ್ತಾಗುವುದಿಲ್ಲ. ನಮ್ಮ ಕಡೆ ಇಡೀ ಡಬ್ಬಿಗೇ ಸಿಪಿಯು ಅನ್ನುವ ರೂಢಿ ಇದೆ, ಅದಕ್ಕೆ ಬಿಡಿಸಿ ಹೇಳುತ್ತಿದ್ದೇನೆ. ಒಳಗಿನ ಚಿಪ್‌ನ ಹೆಸರು ಮತ್ತು ನಂಬರ್ ಬೇಕು. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಒತ್ತಿದರೆ ಬಲಗಡೆ ಮೇಲೆ ಕಾಣಿಸುತ್ತದೆ.

ಹಾಸನದ ಹುಡುಗ · ಭಾನುವಾರ ಬೆಳಿಗ್ಗೆ 9:05

ಥ್ಯಾಂಕ್ಸ್ ಸರ್. ವೆರಿಫೈ ಮಾಡಿದೆ, ಎಲ್ಲ ಫೈಲ್ ಸರಿ ಇದೆ ಅಂತ ಬಂತು. ಕೇಬಲ್ ಗ್ರಾಫಿಕ್ಸ್ ಕಾರ್ಡ್‌ಗೇ ಇದೆ. ಡ್ರೈವರ್ ಹೊಸದು ಹಾಕಿದೆ, ಬದಲಾವಣೆ ಇಲ್ಲ.

ಇವೆಂಟ್ ವ್ಯೂವರ್‌ನಲ್ಲಿ ಕೆಂಪು ಗುರುತು ಸಾಲಾಗಿ ಹದಿನಾಲ್ಕು ಇವೆ. ನಾನು ಪ್ಲೇ ಒತ್ತಿದ ಪ್ರತಿ ಸಲಕ್ಕೂ ಒಂದೊಂದು. ಎಲ್ಲದರಲ್ಲೂ ಒಂದೇ ಥರ ಇದೆ. ಮಾಡ್ಯೂಲ್ ನೇಮ್: ಗೇಮ್‌ನ ಇಎಕ್ಸ್‌ಇ ಹೆಸರೇ. ಎಕ್ಸೆಪ್ಶನ್ ಕೋಡ್: 0ಎಕ್ಸ್‌ಸಿ000001ಡಿ.

ಪ್ರೊಸೆಸರ್: ಇಂಟೆಲ್ ಪೆಂಟಿಯಮ್ ಗೋಲ್ಡ್ ಜಿ5400. ಬೋರ್ಡ್ ಎಚ್310.

ದಾವಣಗೆರೆ ರಿಪೇರಿ · ಭಾನುವಾರ ಬೆಳಿಗ್ಗೆ 9:31

ಸರ್ ಅಲ್ಲಪ್ಪ, ಅಕ್ಕ ಅನ್ನಿ.

ಸಿಕ್ಕಿತು. ನಿಮ್ಮ ವಿಂಡೋಸ್ ಚೆನ್ನಾಗಿದೆ. ಗ್ರಾಫಿಕ್ಸ್ ಕಾರ್ಡ್ ಚೆನ್ನಾಗಿದೆ. ಫಾರ್ಮ್ಯಾಟ್ ಹೊಡೆಸಿದರೆ 600 ರೂಪಾಯಿ ಹೋಗುತ್ತದೆ, 62 ಜಿಬಿ ಹೋಗುತ್ತದೆ, ಗೇಮ್ ಹೀಗೇ ಮುಚ್ಚಿಕೊಳ್ಳುತ್ತದೆ.

ಕೋಡ್‌ನ ಕೊನೆ ನೋಡಿ, 1ಡಿ. ಸಾಮಾನ್ಯವಾಗಿ ಕ್ರ್ಯಾಶ್ ಆದಾಗ ಕೊನೆಯಲ್ಲಿ 05 ಇರುತ್ತದೆ. ತನ್ನದಲ್ಲದ ಮೆಮೊರಿ ಜಾಗಕ್ಕೆ ಪ್ರೋಗ್ರಾಂ ಕೈ ಹಾಕಿತು ಅಂತ ಅದರ ಅರ್ಥ. ಅದಕ್ಕೆ ಕಾರಣ ಹತ್ತಾರು ಇರಬಹುದು: ರ‍್ಯಾಮ್, ಡ್ರೈವರ್, ಓವರ್‌ಕ್ಲಾಕ್, ಗೇಮ್‌ನದೇ ತಪ್ಪು. ಆದರೆ 1ಡಿ ಹಾಗಲ್ಲ. ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಅಂತ ಅದರ ಹೆಸರು. ಗೇಮ್ ಒಂದು ಆದೇಶ ಕೊಟ್ಟಿತು, ಪ್ರೊಸೆಸರ್‌ಗೆ ಆ ಆದೇಶವೇ ಗೊತ್ತಿಲ್ಲ. ಗೊತ್ತಿಲ್ಲದ ಆದೇಶ ಬಂದರೆ ವಿಂಡೋಸ್ ಆ ಪ್ರೋಗ್ರಾಂ ಅನ್ನು ಅಲ್ಲೇ ನಿಲ್ಲಿಸುತ್ತದೆ. ಮಾಡ್ಯೂಲ್ ಜಾಗದಲ್ಲಿ ಗೇಮ್‌ನ ಹೆಸರೇ ಇರುವುದರಿಂದ ಡ್ರೈವರ್ ಕಡೆ ನೋಡುವ ಅಗತ್ಯ ಇಲ್ಲ. ಎನ್‌ವಿ ಅಂತ ಶುರುವಾಗುವ ಡಿಎಲ್‌ಎಲ್ ಹೆಸರು ಇದ್ದಿದ್ದರೆ ನಾನೇ ಡ್ರೈವರ್ ಅನ್ನುತ್ತಿದ್ದೆ.

ಆ ಆದೇಶ ಯಾವುದು ಅಂದರೆ, ನನ್ನ ಪ್ರಕಾರ ಎವಿಎಕ್ಸ್. 2011ರಲ್ಲಿ ಇಂಟೆಲ್‌ನ ಸ್ಯಾಂಡಿ ಬ್ರಿಡ್ಜ್ ಚಿಪ್‌ಗಳ ಜೊತೆ ಬಂತು. ಅದೇ ವರ್ಷ ಎಎಂಡಿ ಕೂಡ ತನ್ನ ಬುಲ್ಡೋಜರ್ ಚಿಪ್‌ಗಳಲ್ಲಿ ತಂದಿತು. ನಮ್ಮ ಎಪಿಎಂಸಿ ಯಾರ್ಡ್‌ನಲ್ಲಿ ಹಮಾಲರು ಚೀಲ ಇಳಿಸುವುದನ್ನು ನೋಡಿದ್ದೀರಾ? ಒಂದೊಂದೇ ಚೀಲ ಹೊತ್ತು ಇಳಿಸಬಹುದು. ಕೈಗಾಡಿ ಇದ್ದರೆ ಎಂಟು ಚೀಲ ಒಟ್ಟಿಗೆ ತಳ್ಳಬಹುದು. ಎವಿಎಕ್ಸ್ ಆ ಕೈಗಾಡಿ. 32 ಬಿಟ್‌ನ ಎಂಟು ಸಂಖ್ಯೆಗಳ ಲೆಕ್ಕವನ್ನು ಒಂದೇ ಆದೇಶದಲ್ಲಿ ಮುಗಿಸುತ್ತದೆ. ದೊಡ್ಡ ಗೇಮ್‌ಗಳಿಗೆ ಇದು ಬಹಳ ಉಪಯೋಗ.

ಈಗ ನಿಮ್ಮ ಲೆಕ್ಕ ತಪ್ಪಿದ್ದು ಎಲ್ಲಿ ಅಂದರೆ, ಐ5-2500ಕೆ 2011ರದ್ದಾದರೂ ಅದರಲ್ಲಿ ಎವಿಎಕ್ಸ್ ಇದೆ. ಜಿ5400 ಬಂದದ್ದು 2018ರಲ್ಲಿ, ಆದರೆ ಅದರಲ್ಲಿ ಇಲ್ಲ. ಇಂಟೆಲ್ ಪೆಂಟಿಯಮ್ ಮತ್ತು ಸೆಲೆರಾನ್ ಹೆಸರಿನ ಡೆಸ್ಕ್‌ಟಾಪ್ ಚಿಪ್‌ಗಳಿಗೆ ಎಷ್ಟೋ ವರ್ಷ ಅದನ್ನು ಕೊಡಲೇ ಇಲ್ಲ. ಗೇಮ್‌ನ ಪುಟದಲ್ಲಿ ‘ಐ5-2500ಕೆ’ ಅಂತ ಹಾಕುವವರು ‘ಎವಿಎಕ್ಸ್ ಬೇಕು’ ಅಂತಲೂ ಒಂದು ಸಾಲು ಹಾಕಬೇಕು. ಎಷ್ಟೋ ಕಡೆ ಹಾಕುವುದಿಲ್ಲ. ನಿಮ್ಮಂಥ ಹುಡುಗರು ವರ್ಷ ನೋಡಿ, ಗಿಗಾಹರ್ಟ್ಸ್ ನೋಡಿ ದುಡ್ಡು ಕೊಡುತ್ತಾರೆ. ನನಗೆ ಇದು ನಿಜವಾಗಿಯೂ ಸಿಟ್ಟು ಬರಿಸುವ ವಿಷಯ.

ನಾನು ಹೇಳಿದೆ ಅಂತ ನಂಬಬೇಡಿ, ಕಣ್ಣಾರೆ ನೋಡಿ. ಸಿಪಿಯು-ಝೆಡ್ ಅನ್ನುವ ಚಿಕ್ಕ ಉಚಿತ ಪ್ರೋಗ್ರಾಂ ಹಾಕಿ. ಮೊದಲ ಪುಟದಲ್ಲೇ ಇನ್‌ಸ್ಟ್ರಕ್ಷನ್ಸ್ ಅಂತ ಒಂದು ಸಾಲು ಇರುತ್ತದೆ. ಅಲ್ಲಿರುವುದನ್ನು ಇದ್ದ ಹಾಗೆ ಬರೆಯಿರಿ.

ಹಾಸನದ ಹುಡುಗ · ಭಾನುವಾರ ಬೆಳಿಗ್ಗೆ 10:12

ಅಕ್ಕ, ನೋಡಿದೆ. ಎಂಎಂಎಕ್ಸ್, ಎಸ್‌ಎಸ್‌ಇ, ಎಸ್‌ಎಸ್‌ಇ2, ಎಸ್‌ಎಸ್‌ಇ3, ಎಸ್‌ಎಸ್‌ಎಸ್‌ಇ3, ಎಸ್‌ಎಸ್‌ಇ4.1, ಎಸ್‌ಎಸ್‌ಇ4.2, ಇಎಂ64ಟಿ, ವಿಟಿ-ಎಕ್ಸ್, ಎಇಎಸ್. ಅಷ್ಟೇ. ಎವಿಎಕ್ಸ್ ಇಲ್ಲ. ಗೆಳೆಯನ ಲ್ಯಾಪ್‌ಟಾಪ್‌ನಲ್ಲೂ ಹಾಕಿ ನೋಡಿದೆ, ಅದು ಐ5. ಅದರಲ್ಲಿ ಎಇಎಸ್ ಆದ ಮೇಲೆ ಎವಿಎಕ್ಸ್, ಎವಿಎಕ್ಸ್2 ಅಂತ ಇದೆ.

ಹಾಗಾದರೆ ಈ ಗೇಮ್ ನನಗೆ ಇಲ್ವಾ?

ರಾತ್ರಿ ಪಾಳಿ · ಭಾನುವಾರ ಬೆಳಿಗ್ಗೆ 10:20

ನನಗೂ ಇದು ಹೊಸ ವಿಷಯ ಅಕ್ಕ. ಒಂದು ಸೇರಿಸುತ್ತೇನೆ. ಕೆಲವು ಗೇಮ್‌ಗಳಲ್ಲಿ ಮಾಡಿದವರೇ ಆಮೇಲೆ ಸರಿಪಡಿಸಿದ್ದಾರೆ. ಸೈಬರ್‌ಪಂಕ್ 2077 ಡಿಸೆಂಬರ್ 2020ರಲ್ಲಿ ಬಂದಾಗ, ಎವಿಎಕ್ಸ್ ಇಲ್ಲದ ಪ್ರೊಸೆಸರ್‌ಗಳಲ್ಲಿ ಪ್ರೋಲಾಗ್ ಮುಗಿಯುವ ಹೊತ್ತಿಗೆ ನಿಂತುಹೋಗುತ್ತಿತ್ತು. 1.05 ಪ್ಯಾಚ್‌ನಲ್ಲಿ ಎವಿಎಕ್ಸ್ ಬಳಕೆಯನ್ನೇ ತೆಗೆದರು. 2016ರಲ್ಲಿ ನೋ ಮ್ಯಾನ್ಸ್ ಸ್ಕೈ ಬಂದಾಗಲೂ ಹೀಗೇ ಆಗಿತ್ತು. ಹಳೇ ಎಎಂಡಿ ಫಿನಾಮ್ ಚಿಪ್‌ಗಳಲ್ಲಿ ಎಸ್‌ಎಸ್‌ಇ4.1 ಅನ್ನುವ ಇನ್ನೊಂದು ಆದೇಶಗಳ ಗುಂಪು ಇರಲಿಲ್ಲ, ಗೇಮ್ ತೆರೆಯುತ್ತಲೇ ಇರಲಿಲ್ಲ. ಅದಕ್ಕೂ ಪ್ಯಾಚ್ ಬಂತು. ಹಾಗಾಗಿ ನಿಮ್ಮ ಗೇಮ್‌ನ ಪ್ಯಾಚ್ ನೋಟ್ಸ್ ಒಮ್ಮೆ ಹುಡುಕಿ.

ಹಾಸನದ ಹುಡುಗ · ಭಾನುವಾರ ಬೆಳಿಗ್ಗೆ 11:02

ಹುಡುಕಿದೆ. ಬಂದ ಪ್ಯಾಚ್‌ಗಳನ್ನೆಲ್ಲ ಓದಿದೆ. ಈ ಬಗ್ಗೆ ಏನೂ ಇಲ್ಲ. ಇಂಟೆಲ್‌ನದೇ ಒಂದು ಎಮ್ಯುಲೇಟರ್ ಇದೆ, ಅದರಿಂದ ಎವಿಎಕ್ಸ್ ಇಲ್ಲದಿದ್ದರೂ ಓಡಿಸಬಹುದು ಅಂತ ಒಬ್ಬರು ಹೇಳಿದರು.

ದಾವಣಗೆರೆ ರಿಪೇರಿ · ಭಾನುವಾರ ಮಧ್ಯಾಹ್ನ 1:45

ಆ ಎಮ್ಯುಲೇಟರ್ ಇರುವುದು ಸಾಫ್ಟ್‌ವೇರ್ ಬರೆಯುವವರು ಪರೀಕ್ಷೆ ಮಾಡಲಿಕ್ಕೆ. ಪ್ರತಿ ಆದೇಶವನ್ನೂ ಬಿಡಿಸಿ ಬಿಡಿಸಿ ಮಾಡುತ್ತದೆ. ಎರಡು ಕೋರ್‌ನ ಪೆಂಟಿಯಮ್ ಮೇಲೆ ಗೇಮ್ ಆಡುವಷ್ಟು ವೇಗ ಬರುವುದಿಲ್ಲ. ಅದರ ಹಿಂದೆ ಹೋಗಿ ವಾರ ಕಳೆಯಬೇಡಿ.

ನಿಮಗೆ ಎರಡು ದಾರಿ ಇವೆ.

ಗೇಮ್ ತಗೊಂಡು ಎರಡು ವಾರ ಆಗಿಲ್ಲ, ಆಡಿದ ಸಮಯ ಎರಡು ಗಂಟೆಗಿಂತ ಕಡಿಮೆ ಅಂದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಕಾರಣ ಕೇಳಿದಾಗ ನನ್ನ ಪಿಸಿಯಲ್ಲಿ ಓಡುತ್ತಿಲ್ಲ ಅಂತ ಹಾಕಿ. ದಿನಾಂಕ ಮಾತ್ರ ನೆನಪಿಟ್ಟುಕೊಳ್ಳಿ, ಗಡುವು ದಾಟಿಸಬೇಡಿ.

ಇಲ್ಲ, ಆಡಲೇಬೇಕು ಅಂದರೆ ಪ್ರೊಸೆಸರ್ ಒಂದನ್ನೇ ಬದಲಿಸಿ. ಬೋರ್ಡ್, ರ‍್ಯಾಮ್, ಕಾರ್ಡ್ ಎಲ್ಲ ಇದ್ದದ್ದೇ ಸಾಕು. ಎಚ್310 ಬೋರ್ಡ್ 8ನೇ ಮತ್ತು 9ನೇ ಜನರೇಶನ್ ಕೋರ್ ಚಿಪ್‌ಗಳನ್ನು ತಗೊಳ್ಳುತ್ತದೆ. ಐ3-8100, ಐ3-9100ಎಫ್, ಐ5-8400, ಐ5-9400ಎಫ್, ಇವೆಲ್ಲದರಲ್ಲೂ ಎವಿಎಕ್ಸ್, ಅದರ ಮುಂದಿನ ಆವೃತ್ತಿ ಎವಿಎಕ್ಸ್2 ಎರಡೂ ಇವೆ. ಎಲ್ಲವೂ ಸೆಕೆಂಡ್ ಹ್ಯಾಂಡ್ ಸಿಗುತ್ತವೆ. ಪ್ರೊಸೆಸರ್ ಅಷ್ಟು ಸುಲಭಕ್ಕೆ ಕೆಡುವ ವಸ್ತು ಅಲ್ಲ, ಹಳೇದು ತಗೊಂಡರೆ ಭಯ ಇಲ್ಲ. ಅಂಗಡಿಯಲ್ಲೇ ಬೋರ್ಡ್ ಮೇಲೆ ಹಾಕಿ ತೋರಿಸಿ ಅನ್ನಿ.

ಕೆಲವು ಎಚ್ಚರಿಕೆ, ಇವು ಮುಖ್ಯ.

6ನೇ, 7ನೇ ಜನರೇಶನ್ ಚಿಪ್‌ಗಳ ಸಾಕೆಟ್, ಅಂದರೆ ಬೋರ್ಡ್‌ನಲ್ಲಿ ಚಿಪ್ ಕೂರುವ ಜಾಗದ ಹೆಸರು ಕೂಡ ನಿಮ್ಮದರ ಹಾಗೇ 1151. ಗಾತ್ರ ಒಂದೇ, ಕೂರುತ್ತದೆ ಕೂಡ. ಆದರೆ ನಿಮ್ಮ ಬೋರ್ಡ್‌ನಲ್ಲಿ ಆನ್ ಆಗುವುದಿಲ್ಲ. ಕಡಿಮೆ ಬೆಲೆಗೆ ಐ7-7700 ಸಿಗುತ್ತಿದೆ ಅಂತ ಯಾರಾದರೂ ಹೇಳಿದರೆ ಬೇಡ ಅನ್ನಿ.

9ನೇ ಜನರೇಶನ್ ತಗೊಂಡರೆ ಮೊದಲು ಬಯೋಸ್ (ಪಿಸಿ ಆನ್ ಆದ ತಕ್ಷಣ ಓಡುವ ಬೋರ್ಡಿನ ಸ್ವಂತ ಸಾಫ್ಟ್‌ವೇರ್) ಅಪ್‌ಡೇಟ್ ಮಾಡಿ. ಅದನ್ನು ಪೆಂಟಿಯಮ್ ಕೂತಿರುವಾಗಲೇ ಮಾಡಬೇಕು. ಹಳೇ ಬಯೋಸ್‌ಗೆ ಹೊಸ ಚಿಪ್ ಗುರುತೇ ಸಿಗದಿದ್ದರೆ ಪರದೆ ಬರುವುದಿಲ್ಲ. ಬೋರ್ಡಿನ ಮೇಲೆ ಅಚ್ಚಾಗಿರುವ ಮಾಡೆಲ್ ಮತ್ತು ರಿವಿಷನ್ ನಂಬರ್ ಎರಡನ್ನೂ ನೋಡಿ ಅದೇ ಫೈಲ್ ಇಳಿಸಿ. ಅಪ್‌ಡೇಟ್ ನಡೆಯುವಾಗ ಯುಪಿಎಸ್ ಇರಲಿ. ಯುಪಿಎಸ್ ಇಲ್ಲದಿದ್ದರೆ ಇರುವವರ ಮನೆಗೆ ಹೋಗಿ. ಮಧ್ಯದಲ್ಲಿ ಕರೆಂಟ್ ಹೋದರೆ ಬೋರ್ಡೇ ಕೈಕೊಡಬಹುದು.

‘ಎಫ್’ ಇರುವ ಚಿಪ್‌ಗಳಲ್ಲಿ ಒಳಗೆ ಗ್ರಾಫಿಕ್ಸ್ ಇರುವುದಿಲ್ಲ. ನಿಮ್ಮ ಕೇಬಲ್ ಈಗಾಗಲೇ ಕಾರ್ಡ್‌ನಲ್ಲಿದೆ, ಹಾಗಾಗಿ ತೊಂದರೆ ಇಲ್ಲ. ಆದರೆ ಮುಂದೆ ಕಾರ್ಡ್ ಕೆಟ್ಟ ದಿನ ಮಾನಿಟರ್‌ನಲ್ಲಿ ಏನೂ ಬರುವುದಿಲ್ಲ.

ಸಾಕೆಟ್ ಒಳಗಿನ ಪಿನ್‌ಗಳನ್ನು ಬೆರಳಿನಿಂದ ಮುಟ್ಟಬೇಡಿ. ಕೂದಲಿಗಿಂತ ನಾಜೂಕು.

ಹಳೇ ಸಿಡಿ ಡಬ್ಬಿ · ಭಾನುವಾರ ಸಂಜೆ 5:10

ಅಕ್ಕ, ಇದೇ ಜಾಗದಲ್ಲಿ ಇನ್ನೊಂದು ಕೇಳಿದರೆ ತಪ್ಪು ತಿಳಿಯಬೇಡಿ. ನನ್ನ ಹತ್ತಿರ 2003-04ರ ಕಾಲದ ಅಸಲಿ ಗೇಮ್ ಸಿಡಿಗಳು ಹತ್ತಾರು ಇವೆ. ಹುಬ್ಬಳ್ಳಿಯಲ್ಲಿ ಕಾಲೇಜಿನಲ್ಲಿದ್ದಾಗ ದುಡ್ಡು ಕೂಡಿಟ್ಟು ತಗೊಂಡವು. ಈಗ ಮಗನಿಗೆ ತೋರಿಸೋಣ ಅಂತ ಹಾಕಿದರೆ ಇನ್‌ಸ್ಟಾಲ್ ಆಗುತ್ತದೆ, ತೆರೆಯುವುದಿಲ್ಲ. ಸಿಡಿಗೆ ಒಂದು ಗೆರೆ ಕೂಡ ಬಿದ್ದಿಲ್ಲ.

ದಾವಣಗೆರೆ ರಿಪೇರಿ · ಭಾನುವಾರ ರಾತ್ರಿ 8:35

ಅಣ್ಣಾ, ಸಿಡಿ ಸರಿಯಾಗೇ ಇರುತ್ತದೆ. ಆ ಕಾಲದ ಎಷ್ಟೋ ಸಿಡಿಗಳಲ್ಲಿ ಸೇಫ್‌ಡಿಸ್ಕ್ ಅಂತ ನಕಲು ತಡೆಯುವ ವ್ಯವಸ್ಥೆ ಇತ್ತು. ಅದು ವಿಂಡೋಸ್ ಒಳಗಿನ ಒಂದು ಡ್ರೈವರ್ ನಂಬಿಕೊಂಡಿತ್ತು. ಆ ಡ್ರೈವರ್‌ನಲ್ಲಿ ಭದ್ರತೆಯ ತೂತು ಇದ್ದ ಕಾರಣ 2015ರ ವಿಂಡೋಸ್ 10ರಿಂದ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಿತು. ಅದೇ ವರ್ಷ ಸೆಪ್ಟೆಂಬರ್‌ನ ಅಪ್‌ಡೇಟ್‌ನಲ್ಲಿ ವಿಂಡೋಸ್ 7, 8ರಲ್ಲೂ ಮುಚ್ಚಿತು. ಆ ಡ್ರೈವರ್ ಹುಡುಕಿ ಮತ್ತೆ ಹಾಕುವ ದಾರಿ ತೋರಿಸುವವರಿದ್ದಾರೆ. ಮಗ ಬಳಸುವ ಪಿಸಿಗೆ ನಾನು ಅದನ್ನು ಹಾಕಲಾರೆ.

ಆ ಗೇಮ್‌ನ ಹೆಸರನ್ನು ಜಿಒಜಿ ಅನ್ನುವ ಗೇಮ್ ಮಾರುವ ಸೈಟ್‌ನಲ್ಲಿ ಹುಡುಕಿ. ಹಳೇ ಗೇಮ್‌ಗಳನ್ನು ಈ ಬೀಗ ತೆಗೆದು, ಹೊಸ ವಿಂಡೋಸ್‌ಗೆ ಹೊಂದಿಸಿ ಮಾರುತ್ತಾರೆ. ಇನ್ನು ತೆರೆಯುವಾಗ ‘ಡೈರೆಕ್ಟ್‌ಪ್ಲೇ’ ಬೇಕು ಅಂತ ಕೇಳುವ ಗೇಮ್ ಆದರೆ ಸುಲಭ. ಕಂಟ್ರೋಲ್ ಪ್ಯಾನೆಲ್‌ನ ವಿಂಡೋಸ್ ಫೀಚರ್ಸ್ ಒಳಗೆ ಲೆಗಸಿ ಕಾಂಪೊನೆಂಟ್ಸ್ ಬಿಡಿಸಿ, ಡೈರೆಕ್ಟ್‌ಪ್ಲೇಗೆ ಟಿಕ್ ಹಾಕಿ.

ಕೊಪ್ಪಳ ಕೀಬೋರ್ಡ್ · ಸೋಮವಾರ ಬೆಳಿಗ್ಗೆ 8:14

ನನ್ನದೂ ಒಂದು ಅಕ್ಕ. 4ನೇ ಜನರೇಶನ್ ಐ5, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಮೊದಲು ಓಡುತ್ತಿದ್ದ ಗೇಮ್ ಡ್ರೈವರ್ ಅಪ್‌ಡೇಟ್ ಆದ ಮೇಲೆ ಡೈರೆಕ್ಟ್‌ಎಕ್ಸ್ 12 ಇಲ್ಲ ಅನ್ನುತ್ತಿದೆ.

ದಾವಣಗೆರೆ ರಿಪೇರಿ · ಸೋಮವಾರ ಬೆಳಿಗ್ಗೆ 8:50

ಅದು ನಿಜ, ನಿಮ್ಮ ಯಂತ್ರದ ತಪ್ಪಲ್ಲ. ಭದ್ರತೆಯ ಕಾರಣಕ್ಕೆ ಇಂಟೆಲ್ 4ನೇ ಜನರೇಶನ್ ಗ್ರಾಫಿಕ್ಸ್‌ನಲ್ಲಿ ಡೈರೆಕ್ಟ್‌ಎಕ್ಸ್ 12 ಅನ್ನು ನಿಲ್ಲಿಸಿದೆ. 15.40.44.5107 ಡ್ರೈವರ್‌ನಿಂದ ಮುಂದಕ್ಕೆ ಅದು ಇರುವುದಿಲ್ಲ. ಗೇಮ್‌ನ ಸೆಟ್ಟಿಂಗ್ಸ್‌ನಲ್ಲಿ ಅಥವಾ ಲಾಂಚರ್‌ನಲ್ಲಿ ಡೈರೆಕ್ಟ್‌ಎಕ್ಸ್ 11 ಆಯ್ಕೆ ಇದ್ದರೆ ಅದನ್ನು ಹಾಕಿ. ಇಲ್ಲದಿದ್ದರೆ ಸಣ್ಣದಾದರೂ ಒಂದು ಗ್ರಾಫಿಕ್ಸ್ ಕಾರ್ಡ್ ಬೇಕು. ಜಿಟಿ 710 ಮಾತ್ರ ತಗೊಳ್ಳಬೇಡಿ. ಅದಕ್ಕೆ ಎನ್‌ವಿಡಿಯಾ ಡ್ರೈವರ್‌ಗಳು 470ರ ಸರಣಿಗೇ ನಿಂತಿವೆ.

ಹಾಸನದ ಹುಡುಗ · ಮುಂದಿನ ಮಂಗಳವಾರ ರಾತ್ರಿ 9:30

ಅಕ್ಕ, ಎಲ್ಲರಿಗೂ, ಓಡಿತು!

ಬೆಂಗಳೂರಿಗೆ ಹೋಗಿದ್ದ ಅಣ್ಣನ ಕೈಲಿ ಎಸ್‌ಪಿ ರೋಡ್‌ನಿಂದ ಐ3-9100ಎಫ್ ತರಿಸಿದೆ, ಸೆಕೆಂಡ್ ಹ್ಯಾಂಡ್, 3,800 ರೂಪಾಯಿ. ಅಂಗಡಿಯವರು ಮೊದಲು ಐ5-7400 ಕೊಡಲು ಬಂದರಂತೆ. ನೀವು ಬರೆದದ್ದನ್ನು ಅಣ್ಣನಿಗೆ ಕಳಿಸಿದ್ದೆ, ಅವನು ಬೇಡ ಅಂದ.

ಬಯೋಸ್ ಅಪ್‌ಡೇಟ್‌ಗೆ ಮತ್ತೆ ಚಿಕ್ಕಪ್ಪನ ಮನೆಗೇ ಹೋದೆ, ಅಲ್ಲಿ ಇನ್ವರ್ಟರ್ ಮತ್ತು ಯುಪಿಎಸ್ ಎರಡೂ ಇದೆ. ಪೆನ್‌ಡ್ರೈವ್ ಹಾಕಿ ಶುರು ಮಾಡಿದ ಮೇಲೆ ಆ ಗೆರೆ 100 ಮುಟ್ಟುವವರೆಗೆ ನಾನು ಮತ್ತು ಚಿಕ್ಕಪ್ಪ ಇಬ್ಬರೂ ಪರದೆ ಮುಂದೆ ನಿಂತೇ ಇದ್ದೆವು. ಆಮೇಲೆ ಫ್ಯಾನ್ ಬಿಚ್ಚಿ ಹಳೇ ಪೇಸ್ಟ್ ಒರೆಸಿದೆ, ಗಟ್ಟಿಯಾಗಿ ಸುಣ್ಣದ ಥರ ಆಗಿತ್ತು. ಚಿಪ್‌ನ ಮೂಲೆಯ ಚಿಕ್ಕ ತ್ರಿಕೋನವನ್ನು ಸಾಕೆಟ್‌ನ ತ್ರಿಕೋನಕ್ಕೆ ಸರಿ ಮಾಡಿ ಇಟ್ಟೆ, ತಾನೇ ಕೂತಿತು. ಹೊಸ ಪೇಸ್ಟ್ ಹಾಕಿ ಫ್ಯಾನ್ ಕೂರಿಸಿದೆ. ಆನ್ ಮಾಡಿದರೆ ಮೊದಲು ಸ್ವಲ್ಪ ಹೊತ್ತು ಏನೂ ಇಲ್ಲ, ಎದೆ ಬಡಿಯುತ್ತಿತ್ತು. ಆಮೇಲೆ ಹೊಸ ಸಿಪಿಯು ಬಂದಿದೆ ಅಂತ ಬಯೋಸ್‌ನ ಪರದೆ ಬಂತು.

ಸಿಪಿಯು-ಝೆಡ್ ತೆರೆದು ಮೊದಲು ಆ ಸಾಲನ್ನೇ ನೋಡಿದೆ. ಎವಿಎಕ್ಸ್, ಎವಿಎಕ್ಸ್2. ಪ್ಲೇ ಒತ್ತಿದೆ. ಕಪ್ಪು ಪರದೆ ಬಂತು, ಎರಡು ಸೆಕೆಂಡ್ ದಾಟಿತು, ಸಂಗೀತ ಶುರುವಾಯಿತು. ರಾತ್ರಿ ಎರಡರವರೆಗೆ ಆಡಿದೆ. ವಿಂಡೋಸ್ ಅದೇ ಹಳೇದು. ಒಂದು ಫೈಲ್ ಕೂಡ ಮತ್ತೆ ಇಳಿಸಿಲ್ಲ.

ದಾವಣಗೆರೆ ರಿಪೇರಿ · ಮಂಗಳವಾರ ರಾತ್ರಿ 10:05

ಬಹಳ ಖುಷಿ ಆಯಿತು ತಮ್ಮಾ. ಪೇಸ್ಟ್ ಹಾಕಿದ್ದೀರಲ್ಲ, ಒಂದೆರಡು ದಿನ ಟೆಂಪರೇಚರ್ ನೋಡುತ್ತಿರಿ. ಆಡುವಾಗ 80 ಡಿಗ್ರಿ ದಾಟುತ್ತಿದ್ದರೆ ಫ್ಯಾನ್‌ನ ನಾಲ್ಕು ಮೂಲೆಯ ಪಿನ್‌ಗಳಲ್ಲಿ ಯಾವುದೋ ಒಂದು ಸರಿಯಾಗಿ ಕೂತಿಲ್ಲ ಅಂತ ಅರ್ಥ. ಹಳೇ ಪೆಂಟಿಯಮ್ ಎಸೆಯಬೇಡಿ. ಯಾರದಾದರೂ ಬೋರ್ಡ್ ಪರೀಕ್ಷೆ ಮಾಡಲಿಕ್ಕೆ ಉಪಯೋಗಕ್ಕೆ ಬರುತ್ತದೆ.

ಶಿರಸಿ ಮಳೆ · ಗುರುವಾರ ಬೆಳಿಗ್ಗೆ 6:55

ನಮಸ್ಕಾರ, ಇದನ್ನು ಈಗ ಓದಿದೆ. ನನಗೂ ಪ್ಲೇ ಒತ್ತಿದರೆ ಡೆಸ್ಕ್‌ಟಾಪ್‌ಗೆ ವಾಪಸ್ ಬರುತ್ತದೆ. ಪೆಂಟಿಯಮ್ ಜಿ4560, ಎಚ್110 ಬೋರ್ಡ್. ನಾನೂ ಐ3-9100ಎಫ್ ತರಿಸಲಾ?

ಹಾಸನದ ಹುಡುಗ · ಗುರುವಾರ ಬೆಳಿಗ್ಗೆ 7:10

ತರಿಸಬೇಡಿ ಅಣ್ಣಾ, ನಿಮ್ಮ ಬೋರ್ಡ್‌ಗೆ ಅದು ಆಗುವುದಿಲ್ಲ. ನಿಮ್ಮದು ಎಚ್110, ಅದಕ್ಕೆ 6ನೇ ಅಥವಾ 7ನೇ ಜನರೇಶನ್ ಬೇಕು. ಐ3-7100, ಐ5-7500, ಆ ಥರದ್ದು. ಅವುಗಳಲ್ಲಿ ಎವಿಎಕ್ಸ್2 ಇದೆ. ಆದರೆ ಈಗಲೇ ದುಡ್ಡು ಕೊಡಬೇಡಿ. ಮೊದಲು ಇವೆಂಟ್ ವ್ಯೂವರ್ ತೆರೆದು ಎಕ್ಸೆಪ್ಶನ್ ಕೋಡ್ ಬರೆಯಿರಿ. ಕೊನೆಯಲ್ಲಿ 1ಡಿ ಇದೆಯಾ, 05 ಇದೆಯಾ?